ಧ್ರುವಪ್ರಭೆ: ಬೆಳಕಿನಾಚೆಯ ಕೆಲಸ

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶಕ್ಕೆ ಮುಖಮಾಡಿದ್ದ ಕ್ಯಾಮೆರಾಗಳಲ್ಲಿ ಉತ್ತರ ದಿಗಂತದ ಮೇಲೆ ಕೆಂಪು ಛಾಯೆಯೊಂದು ಮೂಡಿತು. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್. ಭಾರತದ ಆಕಾಶದಲ್ಲೂ ಧ್ರುವಪ್ರಭೆ ಎಂಬ ಸುದ್ದಿ ಹರಡಿತು. 2003ರ ನಂತರ ಅಷ್ಟು ತೀವ್ರವಾದ ಭೂಕಾಂತ ಬಿರುಗಾಳಿ ಬಂದಿರಲಿಲ್ಲ. ಅಮೆರಿಕ, ಯುರೋಪ್, ಚೀನಾ, ಆಸ್ಟ್ರೇಲಿಯಾ ಹೀಗೆ ಎಲ್ಲೆಡೆಯಿಂದ ಹಸಿರು, ಕೆಂಪು, ನೇರಳೆ ಬಣ್ಣದ ಚಿತ್ರಗಳು ಬಂದು ಬಿದ್ದವು. ಆ ಚಿತ್ರಗಳ ಚೆಲುವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಅದೇ ರಾತ್ರಿ ನೂರು ಕಿ.ಮೀ. ಮೇಲಿನ ಗಾಳಿಯಲ್ಲಿ ನಡೆದ ವ್ಯವಹಾರದಲ್ಲಿ ಬೆಳಕಿನ ಪಾಲು ತೀರಾ ಚಿಕ್ಕದು. ಗಾಳಿ ಕಾದಿತ್ತು, ಉಬ್ಬಿತ್ತು, ಅದರ ರಾಸಾಯನಿಕ ಹದ ಬದಲಾಗಿತ್ತು, ಅದರಲ್ಲಿ ಎದ್ದ ಅಲೆಗಳು ಸಮಭಾಜಕ ವೃತ್ತದ ಕಡೆಗೆ ಹೊರಟಿದ್ದವು. ಈ ಬೆಳಕು ಎಲ್ಲಿಂದ ಬರುತ್ತದೆ ಎಂದು ವಿಜ್ಞಾನ ಬಹುಕಾಲ ಕೇಳಿತು. ಅದು ತಾನು ಬೆಳಗುವ ಗಾಳಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು ರಾಕೆಟ್ಟು, ಉಪಗ್ರಹಗಳು ಬಂದ ಮೇಲೆ. ನನಗೆ ಈ ಎರಡನೆಯದೇ ಹೆಚ್ಚು ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಹಾನ್ಲೆಯ ಕೆಂಪನ್ನೇ ಮೊದಲು ನೋಡೋಣ, ಏಕೆಂದರೆ ಆ ಬಣ್ಣದಲ್ಲಿ ಗಾಳಿಯ ಲೆಕ್ಕವಿದೆ. ನಾರ್ವೆಯಲ್ಲೋ ಅಲಾಸ್ಕಾದಲ್ಲೋ ನಿಂತವರಿಗೆ ಧ್ರುವಪ್ರಭೆ ಮುಖ್ಯವಾಗಿ ಹಸಿರು. ಅದರ ತರಂಗಾಂತರ 557.7 ನ್ಯಾನೊಮೀಟರ್. ಕೆಂಪಿನದು 630. ಎರಡನ್ನೂ ಹೊಮ್ಮಿಸುವುದು ಆಮ್ಲಜನಕದ ಒಂಟಿ ಪರಮಾಣುವೇ. ಎಲೆಕ್ಟ್ರಾನ್ ಪೆಟ್ಟಿನಿಂದ ಶಕ್ತಿ ಪಡೆದ ಪರಮಾಣುವಿಗೆ ಹಸಿರು ಬೆಳಕನ್ನು ಬಿಡಲು ಮುಕ್ಕಾಲು ಸೆಕೆಂಡು ಸಾಕು. ಕೆಂಪು ಬಿಡಬೇಕಾದರೆ ಸರಾಸರಿ 110 ಸೆಕೆಂಡು ಬೇಕು. ಅಷ್ಟರೊಳಗೆ ಬೇರೊಂದು ಅಣು ಬಂದು ಡಿಕ್ಕಿ ಹೊಡೆದರೆ ಆ ಶಕ್ತಿ ಬೆಳಕಾಗುವುದಿಲ್ಲ, ಶಾಖವಾಗಿ ಸುತ್ತಲಿನ ಗಾಳಿಗೆ ಸೇರಿಬಿಡುತ್ತದೆ. ನೂರು ಕಿ.ಮೀ. ಎತ್ತರದ ಗಾಳಿ ನಮ್ಮ ಲೆಕ್ಕಕ್ಕೆ ಶೂನ್ಯವೆನ್ನುವಷ್ಟು ತೆಳು, ಆದರೂ ಅಲ್ಲಿ 110 ಸೆಕೆಂಡು ಡಿಕ್ಕಿಯಿಲ್ಲದೆ ಉಳಿಯುವ ಅದೃಷ್ಟ ಪರಮಾಣುವಿಗಿಲ್ಲ. 200 ಕಿ.ಮೀ. ದಾಟಿದ ಮೇಲೆ ಆ ಬಿಡುವು ಸಿಗುತ್ತದೆ, ಕೆಂಪು ಮೂಡುತ್ತದೆ. ದೂರದ ಹಾನ್ಲೆಗೆ ಕಾಣುವುದು ಈ ಎತ್ತರದ ಬೆಳಕು ಮಾತ್ರ. ಕೆಳಗಿನ ಹಸಿರನ್ನು ಭೂಮಿಯ ಬಾಗು ಮರೆಮಾಡುತ್ತದೆ. ದೊಡ್ಡ ಬಿರುಗಾಳಿಗಳಲ್ಲಿ ಇನ್ನೊಂದು ಬಗೆಯ ಕೆಂಪು ಕಮಾನೂ ಮೂಡುವುದುಂಟು. ಭೂಮಿಯನ್ನು ಬಳಸಿ ಹರಿಯುವ ಉಂಗುರ ಪ್ರವಾಹದ ಶಾಖ ಕಾಂತರೇಖೆಗಳ ಗುಂಟ ಕೆಳಗಿಳಿದು ಅದೇ ಆಮ್ಲಜನಕವನ್ನು ಬೆಳಗಿಸುತ್ತದೆ. ಹಾನ್ಲೆಯ ಕೆಂಪಿನಲ್ಲಿ ಇದರ ಪಾತ್ರವನ್ನೂ ಗುರುತಿಸಿದ್ದಾರೆ. ಯಾವುದಾದರೂ ಸರಿ, ಬಣ್ಣ ಹೇಳುವುದು ಗಾಳಿಯ ಸಾಂದ್ರತೆಯನ್ನು.

ಹಸಿರು ಗೆರೆ ಆಮ್ಲಜನಕದ್ದೇ ಎಂದು ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟವರು 1925ರಲ್ಲಿ ಟೊರಾಂಟೊದ ಮೆಕ್ಲೆನನ್ ಮತ್ತು ಶ್ರಮ್. ಪ್ರಭೆಯ ಎತ್ತರವನ್ನು ಅಳೆದವರು ನಾರ್ವೆಯ ಗಣಿತಜ್ಞ ಕಾರ್ಲ್ ಸ್ಟೋರ್ಮರ್. ಅವರ ವಿಧಾನ ನೋಡಲು ಸರಳ, ಮಾಡಲು ಕಷ್ಟ. ಹತ್ತಾರು ಕಿ.ಮೀ. ಅಂತರದ ಎರಡು ಕಡೆ ಕ್ಯಾಮೆರಾ ಹಿಡಿದವರು ಟೆಲಿಫೋನಿನಲ್ಲಿ ಮಾತಾಡಿಕೊಂಡು, ಒಂದೇ ಕ್ಷಣಕ್ಕೆ ಒಂದೇ ಕಿರಣದ ಚಿತ್ರ ತೆಗೆಯುತ್ತಿದ್ದರು. ಹಿನ್ನೆಲೆಯ ನಕ್ಷತ್ರಗಳಿಗೆ ಹೋಲಿಸಿದರೆ ಎರಡು ಚಿತ್ರಗಳಲ್ಲಿ ಕಿರಣದ ಜಾಗ ಎಷ್ಟು ಸರಿದಿದೆ ಎಂಬುದರಿಂದ ಎತ್ತರ ಸಿಗುತ್ತಿತ್ತು. ಹೆಪ್ಪುಗಟ್ಟಿಸುವ ಚಳಿಯಲ್ಲಿ ಹೀಗೆ ಸಾವಿರಾರು ಅಳತೆಗಳಾದವು. ಪ್ರಭೆಯ ಕೆಳ ಅಂಚು ಸಾಮಾನ್ಯವಾಗಿ ನೂರು ಕಿ.ಮೀ. ಆಸುಪಾಸಿನಲ್ಲಿರುತ್ತದೆ ಎಂದು ಜಗತ್ತಿಗೆ ಗೊತ್ತಾದದ್ದು ಆ ದುಡಿಮೆಯಿಂದ.

ಆ ಅಂಚು ಅಲ್ಲೇ ಏಕೆ ನಿಲ್ಲುತ್ತದೆ? ಸೂರ್ಯನಿಂದ ಹೊರಟ ಕಣಗಳು ನೇರವಾಗಿ ಧ್ರುವಗಳ ಮೇಲೆ ಸುರಿಯುತ್ತವೆ ಎಂಬ ವಿವರಣೆ ಇನ್ನೂ ಚಾಲ್ತಿಯಲ್ಲಿದೆ. ನಡೆಯುವುದು ಹಾಗಲ್ಲ. ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದಾಗ ಭೂಮಿಯ ಕಾಂತಕ್ಷೇತ್ರದೊಂದಿಗೆ ಬೆಸೆದುಕೊಳ್ಳುತ್ತದೆ. ಹಾಗೆ ಒಳಬಂದ ಶಕ್ತಿ ರಾತ್ರಿಯ ಬದಿಯಲ್ಲಿ ಉದ್ದಕ್ಕೆ ಚಾಚಿರುವ ಕಾಂತಬಾಲದಲ್ಲಿ ಕೂಡಿಕೊಳ್ಳುತ್ತದೆ, ಆಗಾಗ ಒಮ್ಮೆಲೇ ಸಡಿಲವಾಗುತ್ತದೆ. ಆಮೇಲೆ ನೆಲದಿಂದ ಕೆಲವು ಸಾವಿರ ಕಿ.ಮೀ. ಎತ್ತರದಲ್ಲಿ ಏರ್ಪಡುವ ವಿದ್ಯುತ್ ಕ್ಷೇತ್ರಗಳು ಎಲೆಕ್ಟ್ರಾನ್‌ಗಳಿಗೆ ಕೊನೆಯ ವೇಗ ಕೊಟ್ಟು ಕೆಳಕ್ಕೆ ದೂಡುತ್ತವೆ. ಒಂದು ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯವು 150 ಕಿ.ಮೀ. ಸುಮಾರಿಗೇ ಸುಸ್ತಾಗುತ್ತವೆ. ಹತ್ತು ಸಾವಿರದವು 100-110ರವರೆಗೆ ಇಳಿಯುತ್ತವೆ. ಇಳಿಯುತ್ತಾ ಒಂದೊಂದು ಅಣುವನ್ನು ಒಡೆದು ಅಯಾನು ಮಾಡಲು ಸರಾಸರಿ 35 ಎಲೆಕ್ಟ್ರಾನ್ ವೋಲ್ಟ್ ಖರ್ಚು. ಅಂದರೆ ಐದು ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ತಾನು ನಿಲ್ಲುವಷ್ಟರಲ್ಲಿ ನೂರನಲವತ್ತು ಅಣುಗಳನ್ನು ಒಡೆದಿರುತ್ತದೆ. ಹೀಗೆ ಸುರಿದ ಶಕ್ತಿಯಲ್ಲಿ ನಮ್ಮ ಕಣ್ಣಿಗೆ ಹಸಿರಾಗಿ ಮರಳುವುದು ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಮಿಕ್ಕದ್ದು ಗಾಳಿಯಲ್ಲೇ ಉಳಿಯುತ್ತದೆ.

ಅದಕ್ಕಿಂತ ದೊಡ್ಡ ಬಾಬ್ತು ಇನ್ನೊಂದಿದೆ. ಅಣುಗಳು ಒಡೆದ ಜಾಗದಲ್ಲಿ ಗಾಳಿ ವಿದ್ಯುದ್ವಾಹಕವಾಗುತ್ತದೆ. ಆಗ ಭೂಮಿಯ ಕಾಂತಕ್ಷೇತ್ರ ಆವರಿಸಿರುವ ಕಾಂತಗೋಳದ ವಿದ್ಯುತ್ ಪ್ರವಾಹಗಳು ಕಾಂತರೇಖೆಗಳ ಗುಂಟ ಇಳಿದು, ನೂರು ಕಿ.ಮೀ. ಮೇಲೆ ಅಡ್ಡಲಾಗಿ ಹರಿದು, ಮತ್ತೆ ಮೇಲೇರುತ್ತವೆ. ಬಿರುಗಾಳಿಯ ಹೊತ್ತಿನಲ್ಲಿ ಇವು ಲಕ್ಷಾಂತರ ಆಂಪಿಯರ್ ದಾಟುತ್ತವೆ. ಇಂಥ ಲಂಬ ಪ್ರವಾಹಗಳಿವೆ ಎಂದು ಮೊದಲು ಹೇಳಿದವರು ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಾಂಡ್. ಗಾಜಿನ ಪೆಟ್ಟಿಗೆಯ ನಿರ್ವಾತದಲ್ಲಿ ಕಾಂತೀಯ ಗೋಳವೊಂದನ್ನು ಇಟ್ಟು ಅದರ ಮೇಲೆ ಕ್ಯಾಥೋಡ್ ಕಿರಣ ಹಾಯಿಸಿ, ಅದರ ಧ್ರುವಗಳ ಸುತ್ತ ಬೆಳಕಿನ ಉಂಗುರ ಮೂಡಿಸಿದ್ದ ಮನುಷ್ಯ. 1902-03ರ ಚಳಿಗಾಲದಲ್ಲಿ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗನ್, ನೊವಾಯಾ ಝೆಮ್ಲ್ಯಾಗಳಲ್ಲಿ ಕೇಂದ್ರಗಳನ್ನು ಹೂಡಿ ಕಾಂತಸೂಜಿಗಳ ಓಲಾಟವನ್ನು ಬರೆಸಿಕೊಂಡ ಅವರು, ಪ್ರವಾಹ ಮೇಲಿನಿಂದಲೇ ಬರುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಇಂಗ್ಲೆಂಡಿನ ಸಿಡ್ನಿ ಚಾಪ್‌ಮನ್ ಇದನ್ನು ಒಪ್ಪಲಿಲ್ಲ. ಪ್ರವಾಹವೆಲ್ಲ ವಾಯುಮಂಡಲದೊಳಗೇ ಸುತ್ತುತ್ತದೆ ಎಂಬುದು ಅವರ ವಾದ. ನೆಲದ ಮೇಲಿನ ಅಳತೆಗಳಿಂದ ಈ ಜಗಳ ತೀರುವಂತೆಯೇ ಇರಲಿಲ್ಲ, ಏಕೆಂದರೆ ಎರಡು ವಿವರಣೆಗೂ ನೆಲದಲ್ಲಿ ಕಾಣುವ ಗುರುತು ಹೆಚ್ಚುಕಮ್ಮಿ ಒಂದೇ. ಬಿರ್ಕೆಲಾಂಡ್ 1917ರಲ್ಲಿ ಟೋಕಿಯೊದಲ್ಲಿ ತೀರಿಕೊಂಡರು. ಉಪಗ್ರಹದ ಕಾಂತಮಾಪಕಗಳು ಆ ಪ್ರವಾಹಗಳನ್ನು ಹಾದುಹೋಗಿ ಅವರ ಮಾತನ್ನು ಎತ್ತಿಹಿಡಿದದ್ದು ಸುಮಾರು ಅರ್ಧ ಶತಮಾನದ ಬಳಿಕ. ಇವತ್ತು ಅವಕ್ಕೆ ಅವರ ಹೆಸರೇ ಇದೆ.

ಈ ಪ್ರವಾಹ ಹರಿಯುವಾಗ ಅಯಾನುಗಳು ಸೆಕೆಂಡಿಗೆ ಒಂದು ಕಿ.ಮೀ.ವರೆಗಿನ ವೇಗದಲ್ಲಿ ತಟಸ್ಥ ಗಾಳಿಯ ನಡುವೆ ನುಗ್ಗುತ್ತವೆ. ಆ ತಿಕ್ಕಾಟದಲ್ಲಿ ಹುಟ್ಟುವ ಶಾಖಕ್ಕೆ ಜೌಲ್ ತಾಪನ ಎನ್ನುತ್ತಾರೆ. ಅದು ಹೆಚ್ಚಾಗಿ ಸೇರುವುದು 110ರಿಂದ 150 ಕಿ.ಮೀ. ನಡುವಿನ ಗಾಳಿಗೆ. ಡೆಲೋರೆಸ್ ನಿಪ್ ಮತ್ತು ಸಂಗಡಿಗರು 2004ರಲ್ಲಿ ಮೂರು ದಶಕಗಳ ಲೆಕ್ಕ ಕೂಡಿಸಿದರು. ಮಾಮೂಲಿ ದಿನಗಳನ್ನೆಲ್ಲ ಸೇರಿಸಿ ನೋಡಿದರೆ ಮೇಲಿನ ವಾಯುಮಂಡಲವನ್ನು ಕಾಯಿಸುವುದರಲ್ಲಿ ಸೂರ್ಯನ ಅತಿನೇರಳೆ ಕಿರಣಗಳದ್ದೇ ಮುಕ್ಕಾಲಿಗಿಂತ ಹೆಚ್ಚು ಪಾಲು. ಜೌಲ್ ತಾಪನದ್ದು ಆರನೇ ಒಂದರಷ್ಟು, ಸುರಿಯುವ ಕಣಗಳದ್ದು ಇನ್ನೂ ಕಡಿಮೆ. ಆದರೆ ಅತಿ ಪ್ರಬಲ ಬಿರುಗಾಳಿಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಮೂರರಲ್ಲಿ ಎರಡು ಪಾಲು ಶಕ್ತಿ ಕಾಂತಗೋಳದ ಕಡೆಯಿಂದ ಬರುತ್ತದೆ, ಅದೂ ಧ್ರುವಗಳ ಸುತ್ತಲಿನ ಕಿರಿದಾದ ಪಟ್ಟಿಗೆ, ಕೆಲವೇ ಗಂಟೆಗಳಲ್ಲಿ.

ಇಲ್ಲಿ ನನ್ನನ್ನು ಬಹಳ ಹಿಡಿದಿಟ್ಟ ಸಂಗತಿಯೊಂದಿದೆ. ಗಾಳಿ ಹೆಚ್ಚು ಕಾಯುವುದು ಪ್ರಭೆ ಹೊಳೆಯುವ ಜಾಗದಲ್ಲೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಹೊಳೆಯುವ ಕಮಾನಿನೊಳಗೆ ಅಯಾನುಗಳು ದಟ್ಟವಾಗಿರುವುದರಿಂದ ವಿದ್ಯುತ್ತಿಗೆ ದಾರಿ ಸಲೀಸು. ದಾರಿ ಸಲೀಸಾದಷ್ಟೂ ಅಲ್ಲಿನ ವಿದ್ಯುತ್ ಕ್ಷೇತ್ರ ಕುಗ್ಗುತ್ತದೆ. ಕ್ಷೇತ್ರ ಬಲವಾಗಿರುವುದು ಕಮಾನಿನ ಪಕ್ಕದ ಕತ್ತಲೆಯಲ್ಲಿ. ಹಲವು ಸಲ ಜೌಲ್ ತಾಪನ ಜೋರಾಗಿರುವುದೂ ಅಲ್ಲೇ. ಚಿತ್ರ ತೆಗೆಯುವವರು ಬಿಟ್ಟುಬಿಡುವ ಕಪ್ಪು ಜಾಗವೇ ಹೆಚ್ಚು ಬಿಸಿ.

ಈ ಶಾಖ ಎಷ್ಟೆಂದು ಅಳೆಯುವುದರಲ್ಲಿ ಒಂದು ತೊಡಕಿದೆ. ತಾಪನವು ವಿದ್ಯುತ್ ಕ್ಷೇತ್ರದ ವರ್ಗಕ್ಕೆ ಅನುಗುಣ. ಒಂದು ಪ್ರದೇಶದ ಅರ್ಧದಲ್ಲಿ ಮೀಟರಿಗೆ 100 ಮಿಲಿವೋಲ್ಟ್ ಕ್ಷೇತ್ರವಿದ್ದು ಉಳಿದರ್ಧದಲ್ಲಿ ಸೊನ್ನೆ ಎಂದಿಟ್ಟುಕೊಳ್ಳಿ. ಸರಾಸರಿ ಕ್ಷೇತ್ರ 50. ಅದರ ವರ್ಗ 2,500. ಆದರೆ ನಿಜವಾದ ವರ್ಗಗಳ ಸರಾಸರಿ 5,000. ಸರಾಸರಿ ಕ್ಷೇತ್ರವನ್ನು ಹಿಡಿದು ಲೆಕ್ಕ ಹಾಕಿದ ಮಾದರಿಗೆ ಅರ್ಧ ಶಾಖ ಸಿಗುವುದೇ ಇಲ್ಲ. ಕೊಡ್ರೆಸ್ಕು ಮತ್ತು ಸಂಗಡಿಗರು 1995ರಲ್ಲಿ ಇದನ್ನು ಎತ್ತಿ ತೋರಿಸಿದರು. ಅಂದಿನಿಂದ ಮಾದರಿಕಾರರು ತಮ್ಮ ಜೌಲ್ ತಾಪನವನ್ನು ಯಾವುದಾದರೂ ಗುಣಕದಿಂದ ಹೆಚ್ಚಿಸಿ ವೀಕ್ಷಣೆಗೆ ಹೊಂದಿಸುವುದು ರೂಢಿಯಾಗಿದೆ. ಕೆಲಸ ನಡೆಯುತ್ತದೆ, ಆದರೆ ಈ ರೂಢಿ ನನಗೆ ಸಮಾಧಾನ ಕೊಡುವುದಿಲ್ಲ. ಗುಣಕ ಒಂದು ಬಿರುಗಾಳಿಗೆ ಸರಿಹೊಂದಿದ ಮಾತ್ರಕ್ಕೆ ಮುಂದಿನದಕ್ಕೂ ಸರಿಯಾಗಬೇಕಿಲ್ಲ.

ಕಾದ ಗಾಳಿ ಏನಾಗುತ್ತದೆ? ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿ ಮೇಲೇರುತ್ತದೆ. 120 ಕಿ.ಮೀ. ಎತ್ತರದ ಸಾಂದ್ರತೆಯಲ್ಲಿ ಹೆಚ್ಚೇನೂ ಬದಲಾಗದಿದ್ದರೂ, ಅದರ ಮೇಲಿನ ಗಾಳಿಯ ಕಂಬವೆಲ್ಲ ಎದ್ದು ನಿಲ್ಲುವುದರಿಂದ 400 ಕಿ.ಮೀ. ಎತ್ತರದಲ್ಲಿ ಸಾಂದ್ರತೆ ಹಲವು ಪಟ್ಟು ಏರುತ್ತದೆ. 2003ರ ಅಕ್ಟೋಬರ್ ಕೊನೆಯ ಬಿರುಗಾಳಿಗಳಲ್ಲಿ ಚಾಂಪ್ ಉಪಗ್ರಹದ ವೇಗೋತ್ಕರ್ಷ ಮಾಪಕ ಇದನ್ನು ಕಣ್ಣೆದುರೇ ಹಿಡಿಯಿತು. ಗಾಳಿಯ ಎಳೆತದಿಂದ ಉಪಗ್ರಹ ಅನುಭವಿಸುವ ಅತಿ ಸಣ್ಣ ತಡೆಯನ್ನೂ ಅಳೆಯುವ ಉಪಕರಣ ಅದು. 1989ರ ಮಾರ್ಚ್ ಬಿರುಗಾಳಿಯಲ್ಲಿ ಕಕ್ಷೆಯ ವಸ್ತುಗಳ ಪಟ್ಟಿ ಇಟ್ಟುಕೊಂಡಿದ್ದವರಿಗೆ ಸಾವಿರಕ್ಕೂ ಹೆಚ್ಚು ವಸ್ತುಗಳು ಲೆಕ್ಕ ಹಾಕಿದ್ದ ಜಾಗದಲ್ಲಿ ಸಿಗಲೇ ಇಲ್ಲ.

2022ರ ಫೆಬ್ರವರಿ 3ರ ಪ್ರಸಂಗ ಇನ್ನೂ ಪಾಠ ಕಲಿಸುವಂಥದ್ದು. ಅಂದು ಸ್ಪೇಸ್‌ಎಕ್ಸ್ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಭೂಮಿಗೆ ತೀರಾ ಹತ್ತಿರವಾಗಿ, 210 ಕಿ.ಮೀ. ಸುಮಾರಿಗೆ ಇಳಿಯುವ ಕಕ್ಷೆಯಲ್ಲಿ ಬಿಟ್ಟಿತು. ಉಪಗ್ರಹ ಕೆಟ್ಟಿದ್ದರೆ ತಾನೇ ಬೇಗ ಉರಿದುಹೋಗಲಿ, ಸರಿಯಿದ್ದರೆ ಮೇಲೇರಲಿ ಎಂಬ ಒಳ್ಳೆಯ ಉದ್ದೇಶ ಅದರಲ್ಲಿತ್ತು. ಬಂದದ್ದು ಸಾಧಾರಣ ದರ್ಜೆಯ ಕಾಂತ ಬಿರುಗಾಳಿ. ಎಳೆತ ಹಿಂದಿನ ಉಡಾವಣೆಗಳಿಗಿಂತ ಶೇ. 50ರವರೆಗೆ ಹೆಚ್ಚಾಯಿತು. ಗಾಳಿಗೆ ಅಂಚು ಮಾತ್ರ ತಾಗುವಂತೆ ಉಪಗ್ರಹಗಳನ್ನು ತಿರುಗಿಸಿ ಇಟ್ಟರೂ 38 ಉಪಗ್ರಹಗಳು ಬಿದ್ದು ಉರಿದವು. ದೊಡ್ಡ ಬಿರುಗಾಳಿಗೆ ಎಲ್ಲರೂ ಎಚ್ಚರವಿರುತ್ತಾರೆ. ಇದು ಯಾರೂ ಹೆದರದ ಬಿರುಗಾಳಿ. 2024ರ ಮೇ ತಿಂಗಳಲ್ಲಿ ಇಸ್ರೋದ ಉಪಗ್ರಹಗಳಿಗೂ ಅನುಭವವಾಯಿತು. ಕೆಳಕಕ್ಷೆಯಲ್ಲಿದ್ದ ಕೆಲವು ಉಪಗ್ರಹಗಳು ಮೇ 11ರಂದು ಮಾಮೂಲಿಗಿಂತ ಹಲವು ಪಟ್ಟು ವೇಗವಾಗಿ ಎತ್ತರ ಕಳೆದುಕೊಂಡವು.

ಉಬ್ಬುವ ಗಾಳಿ ಕೆಳಗಿನ ಅಣುಗಳನ್ನೂ ಮೇಲಕ್ಕೆ ತರುತ್ತದೆ. ಮೇಲೆ ಆಮ್ಲಜನಕದ ಒಂಟಿ ಪರಮಾಣುಗಳು ಹೆಚ್ಚು, ಕೆಳಗೆ ಸಾರಜನಕದ ಜೋಡಿ ಅಣುಗಳು ಹೆಚ್ಚು. ಬೆರಕೆಯಾದಾಗ ಮೇಲಿನ ಗಾಳಿಯಲ್ಲಿ ಸಾರಜನಕದ ಪಾಲು ಏರುತ್ತದೆ. ಸಾರಜನಕ ಹೆಚ್ಚಿದ್ದಷ್ಟೂ ಅಯಾನುಗಳು ಬೇಗ ಎಲೆಕ್ಟ್ರಾನ್ ಕೂಡಿಸಿಕೊಂಡು ಅಳಿಯುತ್ತವೆ. ಹೀಗಾಗಿ ಬಿರುಗಾಳಿಯ ಮರುದಿನ ಮಧ್ಯ ಅಕ್ಷಾಂಶಗಳಲ್ಲಿ ಅಯಾನುಗೋಳ, ಅಂದರೆ ರೇಡಿಯೊ ಅಲೆಗಳನ್ನು ನೆಲಕ್ಕೆ ಮರಳಿಸುವ ಅಯಾನುಗಳ ಪದರ, ತೆಳುವಾಗಿಬಿಡುವುದುಂಟು. ಶಾರ್ಟ್‌ವೇವ್ ರೇಡಿಯೊ ಕೇಳುತ್ತಿದ್ದ ಹಳಬರಿಗೆ ಈ ದಿನಗಳ ಪರಿಚಯವಿದ್ದೇ ಇರುತ್ತದೆ: ನಿನ್ನೆ ಸ್ಪಷ್ಟವಾಗಿ ಸಿಗುತ್ತಿದ್ದ ದೂರದ ಕೇಂದ್ರ ಇಂದು ಮಾಯ.

ಧ್ರುವದ ಬಳಿ ಒಮ್ಮೆಲೇ ಸುರಿದ ಶಾಖ ಅಲೆಗಳನ್ನೂ ಎಬ್ಬಿಸುತ್ತದೆ. ಸೆಕೆಂಡಿಗೆ ಅರ್ಧ ಕಿ.ಮೀ.ಗೂ ಮಿಕ್ಕ ವೇಗದಲ್ಲಿ ಓಡುವ ಈ ಅಲೆಗಳು ಮೂರ್ನಾಲ್ಕು ಗಂಟೆಗಳಲ್ಲಿ ಸಮಭಾಜಕವನ್ನು ಮುಟ್ಟುತ್ತವೆ. ಎರಡೂ ಧ್ರುವಗಳಿಂದ ಹೊರಟವು ಅಲ್ಲಿ ಒಂದರೊಳಗೊಂದು ಹಾದು ಆಚೆಗೂ ಹೋಗುತ್ತವೆ. ಹಿಂದೆಯೇ ನಿಧಾನವಾಗಿ ಗಾಳಿಯ ಸುಳಿಗಳು ಬರುತ್ತವೆ. ಬ್ಲಾಂಕ್ ಮತ್ತು ರಿಚ್ಮಂಡ್ 1980ರಲ್ಲಿ ತೋರಿಸಿದಂತೆ, ಈ ಬದಲಾದ ಗಾಳಿ ಕಾಂತರೇಖೆಗಳನ್ನು ದಾಟಿ ಹರಿಯುವಾಗ ತಾನೇ ಒಂದು ಡೈನಮೊ ಆಗಿ, ಸಮಭಾಜಕದಲ್ಲಿ ಹಗಲಿನ ಮಾಮೂಲಿ ವಿದ್ಯುತ್ ಕ್ಷೇತ್ರಕ್ಕೆ ಎದುರಾದ ಕ್ಷೇತ್ರವನ್ನು ಹುಟ್ಟಿಸುತ್ತದೆ.

ಇದು ನಮ್ಮ ತಲೆಯ ಮೇಲಿನ ವಿಷಯವೇ. ಕಾಂತ ಸಮಭಾಜಕ ಭಾರತದ ದಕ್ಷಿಣ ತುದಿಯನ್ನು ಹಾದುಹೋಗುತ್ತದೆ. ಕೇರಳದ ತುಂಬಾವನ್ನು ಭಾರತದ ಮೊದಲ ರಾಕೆಟ್ ಕೇಂದ್ರವಾಗಿ ಆಯ್ದದ್ದೂ ಅದಕ್ಕಾಗಿಯೇ. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಏರಿದ ಮೊದಲ ರಾಕೆಟ್ ಸೋಡಿಯಂ ಆವಿಯ ಮೋಡವನ್ನು ಬಿಟ್ಟು ಮೇಲಿನ ಗಾಳಿಯ ದಿಕ್ಕನ್ನು ತೋರಿಸಿತು. ಅದೇ ಉಪಾಯದ ವಂಶಸ್ಥವೊಂದು 2019ರ ಏಪ್ರಿಲ್ 5ರಂದು ನಾರ್ವೆಯ ಆಂಡೋಯಾದಿಂದ ಏರಿತು. ಅಝೂರ್ ಯೋಜನೆಯ ಎರಡು ರಾಕೆಟ್‌ಗಳು ಧ್ರುವಪ್ರಭೆಯೊಳಗೇ ಟ್ರೈಮೀಥೈಲ್ ಅಲ್ಯೂಮಿನಿಯಂ ಹಾಗೂ ಬೇರಿಯಂ-ಸ್ಟ್ರಾಂಷಿಯಂ ಬೆರಕೆಯನ್ನು ಬಿಟ್ಟವು, ನೀಲಿ-ನೇರಳೆ ಮೋಡಗಳು ಎಳೆದಾಡುವುದನ್ನು ನೆಲದಿಂದ ಚಿತ್ರಿಸಲಾಯಿತು. ತಟಸ್ಥ ಗಾಳಿ ಎತ್ತ ಹರಿಯುತ್ತದೆ, ಅಯಾನು ಎತ್ತ ಹರಿಯುತ್ತದೆ ಎಂಬುದನ್ನು ಬೇರೆಬೇರೆಯಾಗಿ ಕಾಣಿಸುವ ವಿಧಾನಗಳಲ್ಲಿ ಇದರಷ್ಟು ನೇರವಾದದ್ದು ಇನ್ನೊಂದಿಲ್ಲ.

ಬೆಂಗಳೂರಿನ ಕುಂದಲಹಳ್ಳಿಯಲ್ಲಿ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರವಿದೆ. ವಿಮಾನಗಳ ಜಿಪಿಎಸ್ ಸಂಕೇತಕ್ಕೆ ಅಯಾನುಗೋಳ ತರುವ ತಡವನ್ನು ಲೆಕ್ಕಹಾಕಿ ತಿದ್ದುಪಡಿ ಕಳಿಸುವುದು ಅದರ ಕೆಲಸಗಳಲ್ಲೊಂದು. ಭಾರತದ ಮೇಲೆ ಈ ಲೆಕ್ಕ ಯುರೋಪಿಗಿಂತ ಕಠಿಣ. ಸಮಭಾಜಕದಲ್ಲಿ ಮೇಲೇರಿದ ಅಯಾನುಗಳು ಉತ್ತರಕ್ಕೂ ದಕ್ಷಿಣಕ್ಕೂ ಜಾರಿ ಗುಜರಾತ್, ಮಧ್ಯಪ್ರದೇಶಗಳ ಮೇಲೆ ದಟ್ಟವಾಗಿ ಕೂಡುತ್ತವೆ. ಧ್ರುವದ ಬಿರುಗಾಳಿ ಈ ಕಾರಂಜಿಯನ್ನು ಒಮ್ಮೆ ಎತ್ತರಿಸುತ್ತದೆ, ಇನ್ನೊಮ್ಮೆ ಅಡಗಿಸುತ್ತದೆ. ಯಾವುದು ಆಗುತ್ತದೆಂಬುದು ಬಿರುಗಾಳಿ ಬಡಿದಾಗ ಇಲ್ಲಿ ಗಂಟೆ ಎಷ್ಟಾಗಿತ್ತು ಎಂಬುದರ ಮೇಲೆ ನಿಂತಿದೆ. 2024ರ ಮೇ ಬಿರುಗಾಳಿಯ ಮುಖ್ಯ ಪೆಟ್ಟು ಬಿದ್ದಾಗ ಇಲ್ಲಿ ನಸುಕಿನ ಜಾವ, ಅಯಾನುಗೋಳ ಇನ್ನೂ ಬೆಳೆದಿರಲಿಲ್ಲ. ನಾವು ಹೆಚ್ಚಿನ ತೊಂದರೆಯಿಲ್ಲದೆ ಪಾರಾದದ್ದಕ್ಕೆ ಅದೂ ಒಂದು ಕಾರಣ.

ಇನ್ನು ಈ ಇಡೀ ಕಥೆಯಲ್ಲಿ ನಾನು ಅತಿ ಮಹತ್ವದ್ದೆಂದು ತಿಳಿಯುವ ಅಣುವಿಗೆ ಬರುತ್ತೇನೆ: ನೈಟ್ರಿಕ್ ಆಕ್ಸೈಡ್. ಗಾಳಿಯ ಸಾರಜನಕದ ಅಣು ಗಟ್ಟಿ ಜೋಡಿ, ಸುಲಭಕ್ಕೆ ಬಿಡದು. ಪ್ರಭೆಯ ಎಲೆಕ್ಟ್ರಾನ್‌ಗಳು ಅದನ್ನು ಒಡೆದಾಗ ಬಿಡಿಯಾದ ಸಾರಜನಕ ಆಮ್ಲಜನಕವನ್ನು ಹಿಡಿದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಬಿರ್ಕೆಲಾಂಡರ ಬದುಕು ಇಲ್ಲಿ ಮತ್ತೆ ಎದುರಾಗುತ್ತದೆ. ಸಂಶೋಧನೆಗೆ ದುಡ್ಡು ಹೊಂದಿಸಲು ಅವರು ಎಂಜಿನಿಯರ್ ಸ್ಯಾಮ್ ಐಡೆ ಜೊತೆಗೂಡಿ, ವಿದ್ಯುತ್ ಕಿಡಿಯಲ್ಲಿ ಗಾಳಿಯನ್ನು ಸುಟ್ಟು ನೈಟ್ರಿಕ್ ಆಕ್ಸೈಡ್ ತೆಗೆದು ಗೊಬ್ಬರ ಮಾಡುವ ವಿಧಾನ ಕಂಡುಹಿಡಿದರು. 1905ರಲ್ಲಿ ನಾರ್ಸ್ಕ್ ಹೈಡ್ರೊ ಕಂಪನಿ ಹುಟ್ಟಿದ್ದು ಅದರಿಂದಲೇ. ತಾವು ಜೀವಮಾನವಿಡೀ ಬೆನ್ನುಹತ್ತಿದ್ದ ಬೆಳಕು ತಮ್ಮ ಕಾರ್ಖಾನೆಯ ಕೆಲಸವನ್ನೇ ನೂರು ಕಿ.ಮೀ. ಮೇಲೆ ಮಾಡುತ್ತಿದೆ ಎಂದು ತಿಳಿಯಲು ಬಿರ್ಕೆಲಾಂಡರಿಗೆ ಆಗ ದಾರಿಯಿರಲಿಲ್ಲ. ಮೇಲಿನ ವಾಯುಮಂಡಲದಲ್ಲಿ ನೈಟ್ರಿಕ್ ಆಕ್ಸೈಡನ್ನು ರಾಕೆಟ್ ಉಪಕರಣದಿಂದ ಚಾರ್ಲ್ಸ್ ಬಾರ್ತ್ ಪತ್ತೆಹಚ್ಚಿದ್ದು 1960ರ ದಶಕದಲ್ಲಿ. ಅವರೇ ಮುಂದೆ ಕೊಲರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆ ಕಟ್ಟಿದ ಸ್ನೋ ಎಂಬ ಪುಟ್ಟ ಉಪಗ್ರಹ 1998ರಲ್ಲಿ ಹಾರಿ, ಈ ಅನಿಲ ಧ್ರುವಪ್ರಭೆಯ ಪಟ್ಟಿಗಳಲ್ಲೇ ದಟ್ಟವಾಗಿರುವುದನ್ನು ತೋರಿಸಿತು.

ಈ ಅಣು ಮಾಡುವ ಮೊದಲ ಕೆಲಸ ತಂಪು ಮಾಡುವುದು. ಆಮ್ಲಜನಕದ ಪರಮಾಣು ಡಿಕ್ಕಿ ಹೊಡೆದಾಗ ಅದು ಕಂಪಿಸಿ, 5.3 ಮೈಕ್ರೊಮೀಟರ್ ತರಂಗಾಂತರದ ಅವಕೆಂಪು ಕಿರಣವಾಗಿ ಶಾಖವನ್ನು ಹೊರಕ್ಕೆ ಹಾಕುತ್ತದೆ. ಗಾಳಿ ಬಿಸಿಯಾದಷ್ಟೂ ಡಿಕ್ಕಿ ಬಿರುಸು. ಜೊತೆಗೆ ಬಿರುಗಾಳಿಯೇ ಈ ಅಣುವನ್ನು ಹೆಚ್ಚು ತಯಾರಿಸುತ್ತದೆ. ಟೈಮ್ಡ್ ಉಪಗ್ರಹದ ಸೇಬರ್ ಉಪಕರಣ 2002ರ ಏಪ್ರಿಲ್ ಬಿರುಗಾಳಿಗಳಲ್ಲಿ ಈ ಕಿರಣ ಹಲವು ಪಟ್ಟು ಏರಿದ್ದನ್ನು ಕಂಡಾಗ, ಮಾರ್ಟಿನ್ ಮ್ಲಿಂಝಾಕ್ ಮತ್ತು ಸಂಗಡಿಗರು ಇದನ್ನು ಪ್ರಕೃತಿಯ ಥರ್ಮೋಸ್ಟಾಟ್ ಎಂದು ಕರೆದರು. ಬೆಂಕಿ ಹಚ್ಚಿದವನೇ ನೀರನ್ನೂ ತಂದ ಹಾಗಾಯಿತು. ಬಿರುಗಾಳಿ ನಿಂತ ಮೇಲೂ ನೈಟ್ರಿಕ್ ಆಕ್ಸೈಡ್ ಒಡನೆಯೇ ಅಳಿಯುವುದಿಲ್ಲ, ಹೀಗಾಗಿ ತಂಪಾಗುವುದು ಮುಂದುವರಿದು ಕೆಲವೊಮ್ಮೆ ಗಾಳಿ ಮೊದಲಿದ್ದದ್ದಕ್ಕಿಂತಲೂ ಕುಗ್ಗುತ್ತದೆ. ಉಪಗ್ರಹ ಎಲ್ಲಿರುತ್ತದೆ ಎಂದು ಮುಂಗಾಣುವವರಿಗೆ ಈ ಕುಗ್ಗುವಿಕೆಯೂ ಉಬ್ಬುವಿಕೆಯಷ್ಟೇ ತಲೆನೋವು.

ಎರಡನೆಯ ಕೆಲಸ ಕೆಳಗೆ ನಡೆಯುತ್ತದೆ. ಬಿಸಿಲಿನಲ್ಲಿ ನೈಟ್ರಿಕ್ ಆಕ್ಸೈಡಿಗೆ ಆಯಸ್ಸು ಕಡಿಮೆ. ಆದರೆ ಧ್ರುವದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲಿಲ್ಲ. ಆಗ ಧ್ರುವವನ್ನು ಸುತ್ತುವ ಗಾಳಿಯ ಧ್ರುವ ಸುಳಿಯೊಳಗೆ ಗಾಳಿ ನಿಧಾನವಾಗಿ ಕೆಳಗಿಳಿಯುತ್ತದೆ, ಅದರ ಜೊತೆ ಈ ಅನಿಲವೂ ಮಧ್ಯಗೋಳವನ್ನು ದಾಟಿ ಸ್ತರಗೋಳಕ್ಕೆ ಇಳಿಯುತ್ತದೆ. ಸಾರಜನಕದ ಆಕ್ಸೈಡುಗಳು ತಾವು ಖರ್ಚಾಗದೆ ಓಜೋನನ್ನು ನಾಶಮಾಡುತ್ತವೆ ಎಂದು 1970ರಲ್ಲಿ ತೋರಿಸಿದವರು ಪಾಲ್ ಕ್ರುಟ್ಸೆನ್. ಮುಂದೆ ಅವರಿಗೆ ನೊಬೆಲ್ ಬಂತು. 2004ರ ವಸಂತದಲ್ಲಿ ಉತ್ತರ ಧ್ರುವದ ಮೇಲೆ 40 ಕಿ.ಮೀ. ಎತ್ತರದಲ್ಲಿ ಸಾರಜನಕದ ಆಕ್ಸೈಡುಗಳು ನಾಲ್ಕು ಪಟ್ಟಿನವರೆಗೆ ಏರಿ, ಓಜೋನ್ ಅರ್ಧಕ್ಕಿಂತ ಹೆಚ್ಚು ಇಳಿದದ್ದನ್ನು ಕೋರಾ ರ‍್ಯಾಂಡಲ್ ಮತ್ತು ಸಂಗಡಿಗರು ಉಪಗ್ರಹಗಳ ದತ್ತಾಂಶದಿಂದ ಕಂಡರು. ಹಿಂದಿನ ಶರತ್ಕಾಲದ ಬಿರುಗಾಳಿಗಳ ಜೊತೆಗೆ ಆ ಚಳಿಗಾಲದ ಬಲವಾದ ಧ್ರುವ ಸುಳಿಯೂ ಸೇರಿದ್ದರಿಂದ ಇಷ್ಟಾಯಿತು. ಇದನ್ನು ಅಂಟಾರ್ಕ್ಟಿಕದ ಓಜೋನ್ ರಂಧ್ರದೊಂದಿಗೆ ಬೆರೆಸಬಾರದು. ಅದು ಇನ್ನೂ ಕೆಳಗೆ, 15-20 ಕಿ.ಮೀ. ಸುಮಾರಿಗೆ, ಮನುಷ್ಯ ತಯಾರಿಸಿದ ಕ್ಲೋರೊಫ್ಲೋರೊ ಕಾರ್ಬನ್‌ಗಳಿಂದ ಆದದ್ದು. ನಮ್ಮನ್ನು ಅತಿನೇರಳೆಯಿಂದ ಕಾಯುವ ಓಜೋನಿನ ಬಹುಪಾಲು ಇರುವುದೂ ಆ ಕೆಳಗಿನ ಪದರದಲ್ಲೇ.

ಮಧ್ಯಗೋಳದಲ್ಲಿ, 60ರಿಂದ 80 ಕಿ.ಮೀ. ನಡುವೆ, ಹೊಡೆತ ಇನ್ನೂ ನೇರ. ಅಲ್ಲಿಗೆ ಇಳಿಯಲು ಮಾಮೂಲಿ ಪ್ರಭೆಯ ಎಲೆಕ್ಟ್ರಾನಿಗೆ ಶಕ್ತಿ ಸಾಲದು, ಭೂಮಿಯನ್ನು ಬಳಸಿರುವ ವಿಕಿರಣ ಪಟ್ಟಿಯ ಅತಿ ಶಕ್ತಿಯ ಎಲೆಕ್ಟ್ರಾನ್‌ಗಳೇ ಬೇಕು. 2014ರಲ್ಲಿ ಮೋನಿಕಾ ಆಂಡರ್ಸನ್ ಮತ್ತು ಸಂಗಡಿಗರು, ಇಂಥ ಸುರಿತಗಳ ವೇಳೆ ಅಲ್ಲಿನ ಓಜೋನ್ ಕೆಲಕಾಲ ಶೇ. 90ರವರೆಗೆ ಇಳಿಯುವುದನ್ನು ತೋರಿಸಿದರು. ಈ ಎರಡು ಬಗೆಯ ಎಲೆಕ್ಟ್ರಾನ್‌ಗಳಿಗೆ ಕೊಂಡಿಯಾಗಿ ಒದಗಿರುವುದು ಮಿಡಿಯುವ ಧ್ರುವಪ್ರಭೆ. ನಡುರಾತ್ರಿ ದಾಟಿದ ಮೇಲೆ, ಪ್ರವಾಸಿಗರೆಲ್ಲ ಮಲಗಿದ ಹೊತ್ತಿಗೆ, ಮಸುಕಾದ ತೇಪೆಗಳಾಗಿ ಕೆಲವು ಸೆಕೆಂಡಿಗೊಮ್ಮೆ ಹೊತ್ತಿ ಆರುವ ಬೆಳಕು ಅದು. ಅದನ್ನು ಉಂಟುಮಾಡುವ ಪ್ಲಾಸ್ಮಾ ಅಲೆಗಳೇ ಕಾಂತರೇಖೆಗಳ ಗುಂಟ ಮುಂದೆ ಹೋಗಿ ಅತಿ ಶಕ್ತಿಯ ಎಲೆಕ್ಟ್ರಾನ್‌ಗಳನ್ನೂ ಕೆಡವುತ್ತವೆ. ಜಪಾನಿನ ಅರಾಸೆ ಉಪಗ್ರಹ ಮತ್ತು ಟ್ರೋಮ್ಸೋದ ಐಸ್ಕ್ಯಾಟ್ ರೇಡಾರ್ ಒಟ್ಟಿಗೆ ಕಂಡ ಒಂದು ಪ್ರಸಂಗವನ್ನು ಹಿಡಿದು ಯೋಶಿಝುಮಿ ಮಿಯೋಶಿ ಮತ್ತು ಸಂಗಡಿಗರು 2021ರಲ್ಲಿ ಇದನ್ನು ವಿವರಿಸಿದರು. ಕುಣಿಯುವ ಹಸಿರು ಪರದೆಗಿಂತ ಈ ಸಪ್ಪೆ ಬೆಳಕೇ ಓಜೋನಿಗೆ ಹೆಚ್ಚು ಹಾನಿಕರ.

ಇದರ ಪ್ರಭಾವ ನೆಲದ ಹವೆಗೂ ಬರುತ್ತದೆಯೇ? ಕಾಂತ ಚಟುವಟಿಕೆ ಹೆಚ್ಚಿದ್ದ ಚಳಿಗಾಲಗಳಲ್ಲಿ ಧ್ರುವಪ್ರದೇಶದ ಕೆಲವೆಡೆ ನೆಲದ ಉಷ್ಣತೆ ಬೇರೆಯಾಗಿರುತ್ತದೆಂದು ಅನ್ನಿಕಾ ಸೆಪ್ಪಾಲಾ ಮತ್ತು ಸಂಗಡಿಗರು 2009ರಲ್ಲಿ ಬರೆದರು. ಓಜೋನ್ ಬದಲಾದರೆ ಧ್ರುವ ಸುಳಿಯ ಗಾಳಿ ಬದಲಾಗಬಹುದು, ಅದರಿಂದ ಕೆಳಗಿನ ಹವೆ ಎಂಬುದು ವಾದದ ಸರಣಿ. ಹವಾಮಾನ ಮಾದರಿಗಳ ಆರನೇ ಅಂತರರಾಷ್ಟ್ರೀಯ ಹೋಲಿಕೆಗೆ ಸಿದ್ಧಪಡಿಸಿದ ದತ್ತಾಂಶದಲ್ಲಿ ಈ ಕಣಗಳ ಸುರಿತವನ್ನೂ ಸೇರಿಸಲಾಯಿತು. ಸೇರಿಸಿದ್ದು ಸರಿ. ಆದರೆ ಪ್ರಾದೇಶಿಕ ಚಳಿಗಾಲದ ಈ ಏರುಪೇರನ್ನು ಭೂಮಿಯ ಸರಾಸರಿ ತಾಪ ಏರಿಕೆಗೆ ಕಾರಣವೆಂದು ಹೇಳುವವರಿಗೆ ಇದರಲ್ಲಿ ಆಧಾರವಿಲ್ಲ. ತಿರುವುಮುರುವಾದ ಇನ್ನೊಂದು ಸಂಬಂಧವಂತೂ ಖಚಿತ. ನಾವು ಬಿಡುತ್ತಿರುವ ಇಂಗಾಲದ ಡೈಆಕ್ಸೈಡ್ ಕೆಳಗೆ ಬಿಸಿಮಾಡಿದರೂ ಮೇಲಿನ ವಾಯುಮಂಡಲವನ್ನು ತಂಪು ಮಾಡಿ ಕುಗ್ಗಿಸುತ್ತಿದೆ. 400 ಕಿ.ಮೀ. ಎತ್ತರದಲ್ಲಿ ಸಾಂದ್ರತೆ ದಶಕಕ್ಕೆ ಸುಮಾರು ಶೇ. 2ರಷ್ಟು ಇಳಿಯುತ್ತಿದೆ. ಮುಂದಿನ ಬಿರುಗಾಳಿಗಳು ಬಡಿಯುವುದು ಈ ಬದಲಾದ ಗಾಳಿಗೆ.

ಹೊಸ ಸುಳಿವುಗಳು ಹವ್ಯಾಸಿಗಳಿಂದಲೂ ಬಂದಿವೆ. ಕೆನಡಾದ ಆಲ್ಬರ್ಟಾದ ಛಾಯಾಗ್ರಾಹಕರು ಸ್ಟೀವ್ ಎಂದು ಹೆಸರಿಟ್ಟ ನೇರಳೆ ಪಟ್ಟಿಯನ್ನು ಸ್ವಾರ್ಮ್ ಉಪಗ್ರಹ ಹಾದುಹೋದಾಗ, 25 ಕಿ.ಮೀ. ಅಗಲದ ಆ ಕಿರುದಾರಿಯಲ್ಲಿ ಅಯಾನುಗಳು ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಪಶ್ಚಿಮಕ್ಕೆ ಹರಿಯುತ್ತಿದ್ದವು. ಫಿನ್‌ಲ್ಯಾಂಡಿನ ಹವ್ಯಾಸಿಗಳು ಗುರುತಿಸಿದ, ಮರಳ ದಿಬ್ಬಗಳ ಸಾಲಿನಂಥ ಹಸಿರು ಗೆರೆಗಳನ್ನು 2020ರಲ್ಲಿ ಮಿನ್ನಾ ಪಾಮ್‌ರೋತ್ ತಂಡ ನೂರು ಕಿ.ಮೀ. ಎತ್ತರದ ಗಾಳಿಯ ಅಲೆಗಳೆಂದು ಓದಿತು. ಈ ಎರಡನೆಯದು ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ, ಏಕೆಂದರೆ ಬೇರೆ ಯಾವ ಉಪಕರಣಕ್ಕೂ ಸುಲಭಕ್ಕೆ ಸಿಗದ ಎತ್ತರ ಅದು.

ಬಲೂನುಗಳು 40 ಕಿ.ಮೀ. ಸುಮಾರಿಗೆ ನಿಲ್ಲುತ್ತವೆ. ಉಪಗ್ರಹಗಳು 200ರ ಕೆಳಗೆ ಬಹಳ ದಿನ ಬದುಕುವುದಿಲ್ಲ. ಪ್ರಭೆಯ ಶಾಖವೆಲ್ಲ ಸೇರುವ 100-200 ಕಿ.ಮೀ. ಪದರ ನಡುವೆ ಉಳಿದುಬಿಟ್ಟಿದೆ. ರಾಕೆಟ್ ಅಲ್ಲಿ ಕೆಲವೇ ನಿಮಿಷ ಇರುತ್ತದೆ. ರೇಡಾರ್ ತನ್ನ ತಲೆಯ ಮೇಲಿನದನ್ನು ಮಾತ್ರ ನೋಡುತ್ತದೆ. ನಾರ್ವೆಯ ಶಿಬೊತ್ನ್‌ನಲ್ಲಿ ಪ್ರಸಾರ ಕೇಂದ್ರವಿಟ್ಟು ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲೂ ಗ್ರಾಹಕಗಳಿರುವ ಐಸ್ಕ್ಯಾಟ್-3ಡಿ ಒಂದು ದೊಡ್ಡ ಘನಭಾಗವನ್ನು ಒಟ್ಟಿಗೇ ನೋಡಲೆಂದು ರೂಪಿಸಿದ ವ್ಯವಸ್ಥೆ. 2025ರ ಮಾರ್ಚಿನಲ್ಲಿ ಹಾರಿದ ನಾಸಾದ ಇಝೀ ಯೋಜನೆಯ ಮೂರು ಪುಟ್ಟ ಉಪಗ್ರಹಗಳು ಪ್ರಭೆಯ ಪ್ರವಾಹಗಳ ಕಾಂತಕ್ಷೇತ್ರವನ್ನು ಮೇಲಿನಿಂದಲೇ ಓದುತ್ತವೆ. ಎರಡು ವರ್ಷದ ಕೆಲಸಕ್ಕೆಂದು 2001ರ ಡಿಸೆಂಬರಿನಲ್ಲಿ ಹೋದ ಟೈಮ್ಡ್ ಎರಡು ದಶಕ ದಾಟಿಯೂ ಅಳೆಯಿತು. ಅಷ್ಟು ಉದ್ದದ ನೈಟ್ರಿಕ್ ಆಕ್ಸೈಡ್ ತಂಪಿನ ದಾಖಲೆ ಮತ್ತೊಂದಿಲ್ಲ, ಅದರ ಸರಣಿ ತುಂಡಾಗಬಾರದು. ಯುರೋಪಿನ ಅಂತರಿಕ್ಷ ಸಂಸ್ಥೆಯ ಮುಂದೆ ಡೀಡಾಲಸ್ ಎಂಬ ಪ್ರಸ್ತಾಪವೂ ಇತ್ತು. ದೀರ್ಘವೃತ್ತದ ಕಕ್ಷೆಯಿಂದ ಮತ್ತೆ ಮತ್ತೆ 150 ಕಿ.ಮೀ. ಮತ್ತು ಅದಕ್ಕೂ ಕೆಳಕ್ಕೆ ಮುಳುಗಿ, ಅಯಾನು, ಗಾಳಿ, ಕ್ಷೇತ್ರ ಮೂರನ್ನೂ ಒಂದೇ ಜಾಗದಲ್ಲಿ ಅಳೆಯುವ ಯೋಜನೆ. ಅಂತಿಮ ಆಯ್ಕೆಯಲ್ಲಿ ಅದು ಉಳಿಯಲಿಲ್ಲ. ಅದೇ ಬಗೆಯ ಉಪಗ್ರಹವೊಂದು ಇನ್ನಾದರೂ ಹಾರಬೇಕೆಂಬುದು ನನ್ನ ಆಸೆ. ಮಾದರಿಗಳಲ್ಲಿ ಗುಣಕ ಹಾಕಿ ಮುಚ್ಚಿಟ್ಟಿರುವ ಶಾಖದಲ್ಲಿ ವಿದ್ಯುತ್ ಕ್ಷೇತ್ರದ ಸಣ್ಣ ಏರಿಳಿತದ್ದೆಷ್ಟು, ಗಾಳಿಯದ್ದೆಷ್ಟು ಎಂದು ಬಿಡಿಸಿ ಹೇಳಲು ಈ ಮೂರು ಅಳತೆಗಳು ಒಟ್ಟಿಗೆ ಬೇಕೇ ಬೇಕು.